ಅಪ್ಪನಿಗೆ ನಾನು ಕಣ್ಣಾಗಿದ್ದ ಎರಡು ಸೀಸನ್

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ನಮ್ಮ ಮನೆಯಲ್ಲಿ ಕುರ್ಚಿ ಸರಿಸುವುದು ಕೊಲೆಗಿಂತ ದೊಡ್ಡ ಅಪರಾಧವಾಗಿತ್ತು. ಕುರ್ಚಿಯೊಂದೇ ಅಲ್ಲ, ಯಾವ ಸಾಮಾನೂ ಇದ್ದ ಜಾಗದಿಂದ ಅಲುಗುವಂತಿರಲಿಲ್ಲ. ಊಟದ ಮೇಜು ಬಾಗಿಲಿನಿಂದ ಆರು ಹೆಜ್ಜೆ, ಸೋಫಾ ಕಿಟಕಿಯ ಕೆಳಗೆ, ಚಪ್ಪಲಿಗಳೆಲ್ಲ ಬಲಗಡೆಯ ಗೋಡೆಗೆ ಮೂಗು ತಾಗಿಸಿಕೊಂಡು ಸಾಲಾಗಿ. ನನ್ನ ಗೆಳತಿಯರ ಮನೆಗಳಲ್ಲಿ ಶೂಗಳು ನಡುಮನೆಯ ತುಂಬ ಬಿದ್ದಿರುತ್ತಿದ್ದವು, ಸ್ಕೂಟರು ಅಡುಗೆಮನೆಯವರೆಗೂ ಬರುತ್ತಿತ್ತು. ನಾನು ಶಾಲೆಯಿಂದ ಬಂದು ಬ್ಯಾಗನ್ನು ನಡುಮನೆಯಲ್ಲಿ ಬಿಸಾಡಿದೆನೋ, ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬರುತ್ತಿದ್ದಳು.

"ಎಷ್ಟು ಸಲ ಹೇಳ್ಬೇಕು ನಿಂಗೆ? ದಾರಿಯಲ್ಲಿ ಎಂತದೂ ಇಡ್ಬಾರ್ದು ಅಂತ! ಅಪ್ಪ ಬರುವ ಹೊತ್ತಾಯ್ತು. ತೆಗಿ ಮಾರಾಯ್ತಿ, ತೆಗಿ!"

ಅಮ್ಮನಿಗೆ ಶಿಸ್ತಿನ ಹುಚ್ಚು ಎಂದುಕೊಂಡಿದ್ದೆ. ಸಂಜೆ ನಾಲ್ಕಕ್ಕೇ ಮನೆಯ ಅಷ್ಟೂ ದೀಪ ಹಾಕುತ್ತಿದ್ದಳು, ಟಾಯ್ಲೆಟ್ಟಿನದ್ದೂ ಸೇರಿ. ಹಿತ್ತಿಲಿಗೆ ಇಳಿಯುವ ಎರಡು ಮೆಟ್ಟಿಲಿನ ಅಂಚಿಗೆ ಬಿಳಿ ಟೇಪು ಅಂಟಿಸಿದ್ದಳು. ಯಾರಾದರೂ ಕೇಳಿದರೆ "ಮಳೆಗೆ ಜಾರ್ತದೆ" ಎನ್ನುತ್ತಿದ್ದಳು. ಶನಿವಾರ ತರುತ್ತಿದ್ದ ಬಂಗುಡೆಯ ಮುಳ್ಳನ್ನು ಅಡುಗೆಮನೆಯಲ್ಲೇ ಒಂದೊಂದಾಗಿ ಬಿಡಿಸಿ, ಮೀನಿನ ತುಂಡುಗಳನ್ನು ಮತ್ತೆ ಮೀನಿನ ಆಕಾರಕ್ಕೆ ಜೋಡಿಸಿ, ಅಪ್ಪನ ತಟ್ಟೆಯಲ್ಲಿಡುತ್ತಿದ್ದಳು. ಉಡುಪಿ ಕಡೆಯ ಗಂಡಸು ಮುಳ್ಳು ಬಿಡಿಸಿದ ಮೀನು ತಿನ್ನುವುದುಂಟೇ? ಒಮ್ಮೆ ನಾನು ನನಗೂ ಹಾಗೆಯೇ ಬೇಕೆಂದು ಹಟ ಹಿಡಿದೆ. ಅಮ್ಮ ನನ್ನ ತಟ್ಟೆಗೆ ಇಡೀ ಮೀನು ಹಾಕಿ, "ನಿಂಗೆ ಎಂತಾಗಿದೆ? ಕಣ್ಣುಂಟಲ್ಲ" ಎಂದುಬಿಟ್ಟಳು. ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. ಅಪ್ಪ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ನನಗೆ ಹತ್ತು ವರ್ಷ. ಏನೂ ತಿಳಿಯಲಿಲ್ಲ.

ಅಪ್ಪನ ಕೆಲಸದ ಬಗ್ಗೆ ಹೇಳಬೇಕು. ಊರಿನಲ್ಲಿ ಅವರು ಕಾಲೇಜಿನ ಪಿ.ಟಿ. ಮಾಸ್ತರು. ಹುಡುಗಿಯರ ಸಾಫ್ಟ್‌ಬಾಲ್ ತಂಡ ಕಟ್ಟಲು ಹೋಗಿ ಬೇಸ್‌ಬಾಲಿನ ಹುಚ್ಚು ಹತ್ತಿಸಿಕೊಂಡರು, ಕೋಚಿಂಗ್ ಕೋರ್ಸಿಗೆಂದು ಸಿಡ್ನಿಗೆ ಬಂದರು, ಇಲ್ಲಿನ ಒಂದು ಕಾಲೇಜಿನಲ್ಲಿ ಮೊದಲು ಅಸಿಸ್ಟೆಂಟ್, ಆಮೇಲೆ ಬೇಸ್‌ಬಾಲ್ ತಂಡದ ಹೆಡ್ ಕೋಚ್ ಆದರು. ಶೇಖರ ಎಂಬ ಹೆಸರು ಹುಡುಗರ ಬಾಯಲ್ಲಿ 'ಕೋಚ್ ಶೇಕ್' ಆಯಿತು. ಒಂದು ಕ್ರಿಕೆಟ್ ದೇಶದಿಂದ ಇನ್ನೊಂದು ಕ್ರಿಕೆಟ್ ದೇಶಕ್ಕೆ ಬಂದು ಬೇಸ್‌ಬಾಲ್ ಕಲಿಸುವ ಮನುಷ್ಯ ಎಂದು ನಮ್ಮವರೆಲ್ಲ ನಗುತ್ತಿದ್ದರು. ನಗಲಿ, ಅವರ ಗಂಟೇನು ಹೋಯಿತು? ಲೆಬನಾನು, ವಿಯೆಟ್ನಾಂ, ಫಿಜಿ, ಇರಾಕಿನಿಂದ ಬಂದವರ ಮಕ್ಕಳನ್ನು ಸೇರಿಸಿಕೊಂಡು, ಪಟ್ಟಿಯ ಕೊನೆಯಲ್ಲಿದ್ದ ತಂಡವನ್ನು ಅಪ್ಪ ಮೇಲಕ್ಕೆ ತಂದಿದ್ದರು. ಆದರೆ ನಮ್ಮ ಮನೆಯಲ್ಲಿ ಈ ಕೆಲಸ ಎಂದರೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚು. ಕಾಲೇಜು ಅಪ್ಪನನ್ನು ಸ್ಪಾನ್ಸರ್ ಮಾಡಿತ್ತು. ಕೆಲಸ ಇರುವವರೆಗೆ ವೀಸಾ, ವೀಸಾ ಇರುವವರೆಗೆ ನಾವು. ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಆಗುವ ಮೊದಲು ಕೆಲಸ ಹೋದರೆ ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಬೇಕು. ಅದಕ್ಕೇ ನಾವು ಕಪಾಟು ಕೊಳ್ಳಲಿಲ್ಲ. ಬಟ್ಟೆಗಳು ಸೂಟ್‌ಕೇಸಿನಲ್ಲೇ ಇರುತ್ತಿದ್ದವು. ಯೂನಿಫಾರ್ಮ್ ಬೇಕಾದರೆ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆಯಬೇಕಿತ್ತು.

ನಮ್ಮ ಮುಂದಿನ ಕೋಣೆಯಲ್ಲಿ ತುಮಕೂರಿನ ಮಂಜು ಅಂಕಲ್ ಬಾಡಿಗೆಗಿದ್ದರು. ಓದಲು ಬಂದವರು, ಐಟಿ ಕೆಲಸ ಹಿಡಿದು ಪಿಆರ್ ಗಿಟ್ಟಿಸಿಕೊಂಡವರು. ಪಿಆರ್ ವಿಷಯದಲ್ಲಿ ತಮ್ಮನ್ನು ಬಿಟ್ಟರೆ ಪಂಡಿತರಿಲ್ಲ ಎಂಬ ಧಾಟಿ ಅವರದ್ದು. ಊಟಕ್ಕೆ ಕೂತಾಗ ಅಪ್ಪನಿಗೆ ಪಾಠ ಶುರುವಾಗುತ್ತಿತ್ತು.

"ಸಾರ್, ಪಿಆರ್ ಕೈಗೆ ಬರೋವರ್ಗೂ ಕೆಮ್ಮು ಬಂದ್ರೂ ಒಳಗೇ ಕೆಮ್ಮಿ. ಮೆಡಿಕಲ್ ಟೆಸ್ಟ್ ಅಂದ್ರೆ ತಮಾಷೆ ಅಲ್ಲ. ಅಲ್ಲೇನಾದ್ರೂ ಸಿಕ್ತು ಅಂದ್ಕೊಳ್ಳಿ, ಅಷ್ಟೇ, ರಿಜೆಕ್ಟ್ ಮಾಡಿ ಫ್ಲೈಟ್ ಹತ್ತಿಸ್ಬಿಡ್ತಾರೆ."

ಇದು ನಿಜವೋ ಸುಳ್ಳೋ ಆ ಮೇಜಿನ ಸುತ್ತ ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಯೊಳಗೆ ಬಿತ್ತು. ಹೆದರುವವರ ಮೇಲೆ ಹಾವು ಎಸೆದರಂತೆ, ಹಾಗೆ. ಪಾಪ, ಮಂಜು ಅಂಕಲ್‌ಗೆ ತಾನು ಎಸೆದದ್ದು ಹಾವು ಎಂದೇ ಗೊತ್ತಿರಲಿಲ್ಲ.

ಅಪ್ಪನಿಗೆ ಏನೋ ಆಗಿದೆ ಎಂದು ನನಗೆ ಅನುಮಾನ ಬಂದದ್ದು ರೌಸ್ ಹಿಲ್‌ನ ಒಂದು ಸತ್ಯನಾರಾಯಣ ಪೂಜೆಯ ದಿನ. ಆಗ ಅಲ್ಲಿ ಇನ್ನೂ ಹೊಸದಾಗಿ ಮನೆಗಳು ಏಳುತ್ತಿದ್ದವು. ನಮ್ಮ ಊರ ಕಡೆಯವರೊಬ್ಬರು ಮಾರ್ಟ್‌ಗೇಜ್ ಮಾಡಿ ಮನೆ ಕಟ್ಟಿಸಿದ್ದರು. ಅಪ್ಪ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದಾಗ ಮನೆಯ ಯಜಮಾನರು ಪಕ್ಕದಿಂದ ಬಂದು ಕೈ ಚಾಚಿದರು. ಅಪ್ಪ ನೇರ ಎದುರಿಗೆ ನೋಡುತ್ತಾ ಸಪಾದಭಕ್ಷ್ಯ ತಿನ್ನುತ್ತಲೇ ಇದ್ದರು. ಚಾಚಿದ ಕೈ ಗಾಳಿಯಲ್ಲಿ ಎಷ್ಟು ಹೊತ್ತು ಇತ್ತೆಂದರೆ, ನನಗೇ ಹೋಗಿ ಆ ಕೈ ಕುಲುಕಿಬಿಡೋಣ ಅನ್ನಿಸಿತು. ಯಜಮಾನರು ಕೈಯನ್ನು ಜೇಬಿಗಿಳಿಸಿ ಹೊರಟುಹೋದರು. "ಬೇಸ್‌ಬಾಲ್ ಕೋಚಿಗೆ ಜಂಬ ನೋಡಿ" ಎಂದು ಯಾರೋ ಆಂಟಿ ಅಂದದ್ದು ಅಮ್ಮನಿಗೂ ಕೇಳಿತು. ಹೊರಡುವಾಗ ಮುಸ್ಸಂಜೆಯಾಗಿತ್ತು. ಕಾರಿನತ್ತ ನಡೆಯುತ್ತಿದ್ದ ಅಪ್ಪ ಮೊಣಕಾಲೆತ್ತರದ ಕಬ್ಬಿಣದ ಕಂಬವೊಂದಕ್ಕೆ ನೇರವಾಗಿ ಹೋಗಿ ಬಡಿದು, ಮುಗ್ಗರಿಸಿ ಬಿದ್ದರು. ಎದ್ದು ಕಾಣುವ ಹಳದಿ ಕಂಬ! ಅಮ್ಮ "ಅಯ್ಯೋ ದೇವರೇ" ಎಂದವಳು, ಅಪ್ಪನಿಗೆ ಪೆಟ್ಟಾಯಿತೇ ಎಂದು ನೋಡಲಿಲ್ಲ. ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದರು. ಕೈಯಲ್ಲಿ ಒಂದು ಸ್ಕೋರ್ ಶೀಟು, ಒಂದು ಚೆಂಡು. ಶೀಟನ್ನು ಕೊಳವೆಯ ಹಾಗೆ ಸುತ್ತಿ ನನ್ನ ಒಂದು ಕಣ್ಣಿಗೆ ಹಿಡಿಸಿ, ಇನ್ನೊಂದನ್ನು ಮುಚ್ಚಿಸಿದರು.

"ವಿನ್ನಿ, ನನ್ನ ಮುಖ ಕಾಣ್ತದಾ?"

"ಯೆಸ್."

ಚೆಂಡನ್ನು ಮೇಲಕ್ಕೆಸೆದರು.

"ಈಗ ಬಾಲ್ ಎಲ್ಲುಂಟು ಹೇಳು."

ಕೊಳವೆಯನ್ನು ಆಚೆ ಈಚೆ ತಿರುಗಿಸಿದೆ. ಅಪ್ಪನ ಮೂಗು ಕಂಡಿತು, ಬೇಲಿ ಕಂಡಿತು, ಬಟ್ಟೆ ಒಣಹಾಕುವ ತಂತಿ ಕಂಡಿತು. ಚೆಂಡು ಎಲ್ಲೋ ಧೊಪ್ಪೆಂದು ಬಿದ್ದ ಸದ್ದು ಕೇಳಿತು.

"ಐ ಡೋಂಟ್ ನೋ, ಅಪ್ಪ."

"ನಂಗೂ ಗೊತ್ತಾಗುದಿಲ್ಲ ಮಗಾ," ಎಂದರು ಅಪ್ಪ. "ಎರಡು ವರ್ಷ ಆಯ್ತು. ಕಣ್ಣಿನ ಪರದೆ ಬದಿಯಿಂದ ಒಳಗೆ ಹಾಳಾಗ್ತಾ ಬರ್ತಾ ಉಂಟು. ಇದಕ್ಕೆ ಮದ್ದಿಲ್ಲ. ನೇರ ಇದ್ದದ್ದು ಕಾಣ್ತದೆ. ಬದಿಯದ್ದು ಹೋಯ್ತು, ಕತ್ತಲಾದ್ರೆ ಎಲ್ಲ ಹೋಯ್ತು. ಯಾರಿಗೂ ಹೇಳ್ಬಾರ್ದು, ಆಯ್ತಾ? ಶಾಲೆಯಲ್ಲಿ ಇಲ್ಲ, ಮಂಜು ಅಂಕಲ್‌ಗೆ ಸಹ ಇಲ್ಲ. ಹೇಳಿದ್ರೆ ನಾವು ಇಲ್ಲಿ ಇರ್ಲಿಕ್ಕಿಲ್ಲ."

ಅಪ್ಪ ಕುರುಡರಾಗುತ್ತಾರೆ ಎಂಬುದಕ್ಕಿಂತ, ನನ್ನ ಬಾಯಿಂದ ಏನಾದರೂ ಜಾರಿಬಿಟ್ಟರೆ ಎಂಬ ಹೆದರಿಕೆಯೇ ಮೊದಲು ಬಂತು. ಆಡಿದ ಮಾತು, ಒಡೆದ ಮುತ್ತು ಮತ್ತೆ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದ ಗಾದೆಯನ್ನು ಅಂದಿನಿಂದ ಗಂಟಲಿಗೇ ಕಟ್ಟಿಕೊಂಡೆ. ಶಾಲೆಯಲ್ಲಿ ಟೀಚರು ಕಣ್ಣಿನ ಪಾಠ ಮಾಡಿದ ದಿನ ಹೊಟ್ಟೆನೋವೆಂದು ಹೇಳಿ ಸಿಕ್ ಬೇ ಎನ್ನುವ ಆರೈಕೆಯ ಕೋಣೆಯಲ್ಲಿ ಮಲಗಿದ್ದೆ.

ಆಮೇಲಿನದ್ದು ಅಪ್ಪನ ಉಪಾಯ. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಹೊಡೆದವನು ನಾಲ್ಕು ಮೂಲೆ ಸುತ್ತಿ ಹೊರಟಲ್ಲಿಗೇ, ಅಂದರೆ 'ಮನೆ' ಎನ್ನುವ ಜಾಗಕ್ಕೆ, ಬಂದರೆ ಒಂದು ರನ್. ಮೂರನೆಯ ಮೂಲೆಯ, ಅಂದರೆ ಮೂರನೆಯ ಬೇಸಿನ, ಪಕ್ಕದಲ್ಲಿ ಒಬ್ಬ ಕೋಚ್ ನಿಂತಿರುತ್ತಾನೆ. ಓಡಿ ಬರುವವನು ಹಿಂದೆ ತಿರುಗಿ ಚೆಂಡು ನೋಡುವಂತಿಲ್ಲ, ಕೋಚನ್ನು ಮಾತ್ರ ನೋಡುತ್ತಾನೆ. ಕೋಚ್ ಕೈ ಬೀಸಿದರೆ ಮನೆಗೆ ಓಡಬೇಕು, ಎರಡೂ ಕೈ ಎತ್ತಿದರೆ ನಿಲ್ಲಬೇಕು. ಅಂದರೆ, ದೂರದಲ್ಲಿ ಚೆಂಡು ಎಲ್ಲಿದೆ, ಯಾರ ಕೈ ಸೇರಿದೆ ಎನ್ನುವುದನ್ನು ಆ ಒಬ್ಬನ ಕಣ್ಣು ನೋಡಬೇಕು. ಆ ಒಬ್ಬ ನಮ್ಮ ಅಪ್ಪ. ಜಾಗ ಬೇರೆಯವರಿಗೆ ಬಿಟ್ಟುಕೊಟ್ಟರೆ ಏಕೆ ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ನನ್ನನ್ನು ತಂಡದ ಸ್ಕೋರರ್ ಮಾಡಿದರು. ಅಪ್ಪನಿಂದ ಹತ್ತು ಹೆಜ್ಜೆಯಲ್ಲಿ, ಮೂರನೆಯ ಬೇಸಿನ ಕಡೆಯ ಬೆಂಚಿನ ತುದಿ ನನ್ನದು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಮೈದಾನ ನೋಡುವವರ ಹಾಗೆ ನಿಂತು, ತಲೆ ತುಸುವೇ ತಿರುಗಿಸಿ ನನ್ನನ್ನು ನೋಡುತ್ತಿದ್ದರು. ನಾನು ಚೆಂಡನ್ನು ನೋಡುತ್ತಿದ್ದೆ. ಸ್ಕೋರ್ ಪುಸ್ತಕ ಎದೆಗೆ ಅವುಚಿದರೆ ನಿಲ್ಲಿಸು. ಕೈಯನ್ನು ಕಣ್ಣಿನ ಹತ್ತಿರಕ್ಕೆ ಎತ್ತಿದರೆ ಓಡಿಸು. ಬಿಸಿಲಿಗೆ ಯಾರು ತಾನೇ ಕಣ್ಣಿಗೆ ಕೈ ಅಡ್ಡ ಹಿಡಿಯುವುದಿಲ್ಲ? ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಎರಡು ಸೀಸನ್ ಹೀಗೆ ನಡೆಯಿತು. ಒಬ್ಬ ಅಂಪೈರ್ ಅಪ್ಪನ ಬೆನ್ನು ತಟ್ಟಿ, "ಕೋಚ್ ಶೇಕ್, ನಿನಗೆ ಬೆನ್ನಲ್ಲೂ ಕಣ್ಣಿದೆಯಲ್ಲಯ್ಯಾ" ಎಂಬ ಅರ್ಥದ ಮಾತು ಹೇಳಿದ. ಅಪ್ಪ ನಕ್ಕರು. ನಾನು ಸ್ಕೋರ್ ಪುಸ್ತಕದಲ್ಲಿ ತಲೆ ಹುದುಗಿಸಿದೆ. ಪಂದ್ಯವಿರುವ ಶನಿವಾರ ಬೆಳಿಗ್ಗೆ ದೋಸೆಯನ್ನು ತಟ್ಟೆಯಲ್ಲೇ ಬಿಡುತ್ತಿದ್ದೆ. ಮೈದಾನಕ್ಕೆ ಹೊರಡುವ ಮೊದಲು ಅಮ್ಮ ನಮ್ಮಿಬ್ಬರನ್ನೂ ನಿಲ್ಲಿಸಿ ಉಪ್ಪು ಮೆಣಸು ನಿವಾಳಿಸಿ ಗ್ಯಾಸ್ ಒಲೆಯ ಮೇಲೆ ಸುಡುತ್ತಿದ್ದಳು. ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯುತ್ತಿತ್ತು, ಮಂಜು ಅಂಕಲ್ ಟವೆಲ್ಲು ಬೀಸುತ್ತಾ ಓಡಿ ಬರುತ್ತಿದ್ದರು. "ಅಕ್ಕಾ, ದೃಷ್ಟಿ ಹೋಗೋ ಮೊದ್ಲು ಫೈರ್ ಎಂಜಿನ್ ಬರತ್ತೆ!" ಎಂದು ಅವರು ಕೂಗಿದಾಗ ಎಲ್ಲರೂ ನಗುತ್ತಿದ್ದೆವು. ಅದೊಂದೇ ನಗು ಇಡೀ ವಾರಕ್ಕೆ. ಅಮ್ಮನ ನೇಮಗಳು ಬಹಳ. ಬೈಗಿನಲ್ಲಿ ಗುಡಿಸಬಾರದು, ಹೊರಟವರನ್ನು ಹಿಂದಿನಿಂದ ಕರೆಯಬಾರದು. ಎಲ್ಲಕ್ಕಿಂತ ದೊಡ್ಡದು ಅಕ್ಷರಕ್ಕೆ ಕಾಲು ತಾಗಿಸಬಾರದು. ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಸ್ತಕಕ್ಕಷ್ಟೇ ಅಲ್ಲ, ಬಾಗಿಲ ಸಂದಿಯಿಂದ ಬಿದ್ದ ಪಿಜ್ಜಾ ಅಂಗಡಿಯ ಜಾಹೀರಾತಿಗೆ ಕಾಲು ತಾಗಿದರೂ ನಾನು ಬಗ್ಗಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಉಸಿರಾಡುವಷ್ಟೇ ಸಲೀಸಾಗಿ, ಯೋಚಿಸದೆ.

ಅಪ್ಪ ಅಮ್ಮ ತಮ್ಮತಮ್ಮಲ್ಲಿ ತುಳುವಿನಲ್ಲಿ ಜಗಳವಾಡುತ್ತಿದ್ದರು, ನನ್ನ ವಿಷಯ ಬಂದಾಗ ಮಾತ್ರ ಅದು ಕನ್ನಡಕ್ಕೆ ತಿರುಗುತ್ತಿತ್ತು. ಆ ಎರಡನೆಯ ಸೀಸನ್ನಿನ ಕೊನೆಯ ಪಂದ್ಯದ ಹಿಂದಿನ ವಾರ ಅಮ್ಮ ಅಕ್ಕಿ ತೊಳೆಯುತ್ತಿದ್ದವಳು ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿದಳು. ಅವಳು ಊರಿನಲ್ಲಿ ನರ್ಸಿಂಗ್ ಓದಿದವಳು, ಇಲ್ಲಿ ಮುದುಕರ ಆಶ್ರಮವೊಂದರಲ್ಲಿ ಆರೈಕೆಯ ಕೆಲಸಕ್ಕೆ ಹೋಗುತ್ತಿದ್ದಳು.

"ಮಗು ಊಟ ಬಿಟ್ಟಿದೆ, ನೋಡಿದ್ರಾ? ಹನ್ನೊಂದು ವರ್ಷದ ಹುಡುಗಿ, ಅದರ ತಲೆ ಮೇಲೆ ನಿಮ್ಮ ಇಡೀ ನೌಕರಿ! ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅದು ಜನ್ಮವಿಡೀ ಹೊತ್ಕೊಳ್ಬೇಕಲ್ಲ!"

"ಇನ್ನೊಂದೇ ಮ್ಯಾಚು," ಎಂದರು ಅಪ್ಪ. "ಈ ತಿಂಗಳು ಕಾಂಟ್ರಾಕ್ಟು ರಿನ್ಯೂ ಆಗ್ತದೆ. ಆದ ಕೂಡ್ಲೇ ಪಿಆರ್‌ಗೆ ಕಾಗದ ಹಾಕುದು. ಮತ್ತೆ ನಾನೇ ಬಿಡ್ತೇನೆ."

"ಮೆಡಿಕಲ್‌ನಲ್ಲಿ ಎಂತ ಮಾಡ್ತೀರಿ?"

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಇನ್ನೊಂದೇ ಪಂದ್ಯ ಎನ್ನುವುದನ್ನು ಮಾತ್ರ ಹಿಡಿದುಕೊಂಡೆ.

ಆ ಪಂದ್ಯದ ದಿನ ಬಿಸಿಲು ಚುರುಗುಡುತ್ತಿತ್ತು. ಕೊನೆಯ ಸರದಿ, ಎರಡೂ ತಂಡ ಸಮಸಮ. ಎರಡನೆಯ ಮೂಲೆಯಲ್ಲಿ ಸಾಮಿ ನಿಂತಿದ್ದ. ಲೆಬನಾನಿನವರ ಹುಡುಗ, ಹತ್ತೊಂಬತ್ತು ವರ್ಷ, ತಂಡದಲ್ಲಿ ಎಲ್ಲರಿಗಿಂತ ವೇಗದ ಓಟಗಾರ. ನನಗೆ ಸ್ಕೋರ್ ಬರೆಯಲು ಪೆನ್ಸಿಲ್ಲು ಚೂಪು ಮಾಡಿಕೊಡುತ್ತಿದ್ದ, ಅವನ ತಾಯಿ ಮಾಡಿದ ಖರ್ಜೂರದ ಬಿಸ್ಕತ್ತು ತಂದುಕೊಡುತ್ತಿದ್ದ. ಬ್ಯಾಟಿನ ಸದ್ದು ಕೇಳಿತು. ಚೆಂಡು ನೆಲ ತಾಗಿಕೊಂಡು ಎಡಗಡೆಯ ಮೈದಾನಕ್ಕೆ ಹೋಯಿತು. ಸಾಮಿ ಓಡಿದ. ನಾನು ಎದ್ದು ನಿಂತೆ. ಚೆಂಡು ನೇರವಾಗಿ ಫೀಲ್ಡರನ ಕೈಗೆ ಹೋಗುತ್ತಿರುವುದು ಕಂಡಿತು. ನಿಲ್ಲಿಸಬೇಕು. ಪುಸ್ತಕವನ್ನು ಎದೆಗೆ ಅವುಚಬೇಕು. ಆದರೆ ಎದ್ದ ರಭಸಕ್ಕೆ ಪುಸ್ತಕ ಮಡಿಲಿನಿಂದ ಜಾರಿ ಬಿದ್ದಿತ್ತು, ನನ್ನ ಶೂ ಅದರ ತೆರೆದ ಪುಟದ ಮೇಲಿತ್ತು. ಥಟ್ಟನೆ ಬಗ್ಗಿದೆ, ಪುಟ ಮುಟ್ಟಿದೆ, ಕೈಯನ್ನು ಕಣ್ಣಿಗೊತ್ತಿಕೊಂಡೆ.

ಕಣ್ಣು ತೆರೆದಾಗ ಅಪ್ಪನ ಬಲಗೈ ಗಿರಗಿರನೆ ಬೀಸುತ್ತಿತ್ತು.

"ನೋ!" ಎಂದು ಕಿರುಚಿದೆನೋ, ಕಿರುಚಿದೆನೆಂದುಕೊಂಡೆನೋ. ಸಾಮಿ ಅಪ್ಪನ ಕೈಯನ್ನೇ ನೋಡುತ್ತಾ ಮೂಲೆ ತಿರುಗಿ ಮನೆಯತ್ತ ನುಗ್ಗಿದ. ಚೆಂಡು ಅವನಿಗಿಂತ ಮೊದಲೇ ಅಲ್ಲಿ ತಲುಪಿತ್ತು. ಅಲ್ಲಿ ಚೆಂಡು ಹಿಡಿಯುವ ಕ್ಯಾಚರ್ ಕವಚ ಹಾಕಿಕೊಂಡು ದಾರಿಗೆ ಅಡ್ಡ ಕೂತಿದ್ದ. ಸಾಮಿ ಜಾರಿದ, ಅವನ ಕಾಲು ಕ್ಯಾಚರನ ಅಡಿಗೆ ಸಿಕ್ಕಿಕೊಂಡಿತು. ಸೌದೆ ಮುರಿದ ಸದ್ದು. ಆಮೇಲೆ ಸಾಮಿ ತನ್ನ ತಾಯಿಯನ್ನು ಕರೆದ ಸದ್ದು. ಎಲ್ಲರೂ ಅತ್ತ ಓಡಿದರು. ಅಪ್ಪ ಮಾತ್ರ ನಿಂತಲ್ಲೇ ನಿಂತು, ತಲೆಯನ್ನು ಆಚೆ ಈಚೆ ತಿರುಗಿಸುತ್ತಾ, ಏನಾಯಿತೆಂದು ಹುಡುಕುತ್ತಿದ್ದರು. ನನ್ನ ಕಾಲು ಬೆಂಚಿನ ಹತ್ತಿರದಿಂದ ಕದಲಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಸಾಮಿಯ ತಾಯಿ ಅಪ್ಪನ ಕೈ ಹಿಡಿದುಕೊಂಡು ಅತ್ತಳು. ಬೈಯಲಿಲ್ಲ. ಕೋಚ್ ತನ್ನ ಮಗನನ್ನು ನೋಡಲು ಬಂದನಲ್ಲ ಎಂದು ಉಪಕಾರ ಹೇಳಿದಳು. ಬೈದಿದ್ದರೆ ನಾನು ಉಸಿರಾಡುತ್ತಿದ್ದೆನೇನೋ. ಮನೆಯಲ್ಲಿ ಮಂಜು ಅಂಕಲ್ ಸಮಾಧಾನ ಮಾಡಿದರು.

"ಬಿಡಿ ಸಾರ್, ಆಟದಲ್ಲಿ ಇದೆಲ್ಲ ಇದ್ದಿದ್ದೇ. ಯಾವ್ ಕೋಚ್ ತಪ್ ಕಾಲ್ ಮಾಡಿಲ್ಲ ಹೇಳಿ? ಕಾಲೇಜೋರು ಏನೂ ಕೇಳಲ್ಲ. ರಿನ್ಯೂವಲ್ ಸೈನ್ ಮಾಡಿ, ಸುಮ್ನಿರಿ."

ಅವರು ಹೇಳಿದ್ದು ಸರಿಯಾಗಿತ್ತು. ಯಾರೂ ಏನೂ ಕೇಳಲಿಲ್ಲ. ಸೋಮವಾರ ಸಹಿ ಹಾಕಲು ಬರಬೇಕೆಂದು ಕಾಲೇಜಿನಿಂದ ಫೋನು ಬಂತು. ನನಗೆ ಜ್ವರ ಏರಿತ್ತು. ಅಮ್ಮ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದಾಗ ಅಪ್ಪ ಗಂಜಿ ಬಟ್ಟಲು ಹಿಡಿದು, ಗೋಡೆ ಸವರಿಕೊಂಡು ಬಂದು ನನ್ನ ಪಕ್ಕ ಕೂತರು. ಅಪ್ಪ ಕೇಳುವ ಮೊದಲೇ ನಾನು ಹೇಳಿಬಿಟ್ಟೆ. ಅಂಥ ಹೊತ್ತಿಗೆ ಇಂಗ್ಲಿಷು ಬರಲೇ ಇಲ್ಲ.

"ಅಪ್ಪ, ನಾನು ಓಡಿಸು ಅಂತ ಹೇಳ್ಲಿಲ್ಲ. ಪುಸ್ತಕಕ್ಕೆ ಕಾಲು ತಾಗಿತ್ತು. ಅದಕ್ಕೆ ಕಣ್ಣಿಗೊತ್ತಿಕೊಂಡೆ. ಸಾಮಿ ಕಾಲು ನಾನೇ ಮುರಿದದ್ದು."

ಅಮ್ಮನ ಕೈ ನನ್ನ ಹಣೆಯ ಮೇಲೆ ನಿಂತುಹೋಯಿತು. ಇನ್ನು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ. ಅಪ್ಪ ಗಂಜಿಯ ಬಟ್ಟಲನ್ನು ನೆಲದ ಮೇಲಿಟ್ಟರು. ನಡುದಾರಿಯಲ್ಲೇ ಇಟ್ಟರು, ಅಮ್ಮ ಏನೂ ಅನ್ನಲಿಲ್ಲ.

"ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ತಿಕೊಳ್ಬೇಕು," ಎಂದರು. "ನೀನು ಸರಿಯೇ ಮಾಡಿದ್ದು ಮಗಾ. ಕಣ್ಣಿಲ್ಲದವ ಆ ಜಾಗದಲ್ಲಿ ನಿಂತದ್ದು ತಪ್ಪು. ಆ ಹುಡುಗ ನನ್ನನ್ನು ನಂಬಿ ಓಡಿದ. ನಾನು ಹೆದರಿಕೊಂಡು ನಿಂತಿದ್ದೆ." ಆಮೇಲೆ ಅಮ್ಮನ ಕಡೆ ತಿರುಗಿದರು. "ಸೋಮವಾರ ಹೇಳ್ತೇನೆ. ಎಂತಾಗ್ತದೋ ಆಗ್ಲಿ."

ಅಮ್ಮ ಜಗಳ ಮಾಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಅಪ್ಪನ ಬಿಳಿ ಶರ್ಟನ್ನು ಇಸ್ತ್ರಿ ಮಾಡಿದಳು. ಸೋಮವಾರ ಜ್ವರ ಬಿಟ್ಟಿತ್ತು, ಹಟ ಮಾಡಿ ನಾನೂ ಹೋದೆ. ಡೀನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದೆ. ಬಾಗಿಲು ತೆರೆದಾಗ ಡೀನ್, ಬೆಳ್ಳಿಕೂದಲಿನ ಹೆಂಗಸು, ಅಪ್ಪನ ಜೊತೆ ಹೊರಗೆ ಬಂದಳು. ಅವಳ ಮೂಗು ಕೆಂಪಾಗಿತ್ತು. ನನ್ನ ತಲೆ ಸವರಿದಳು. ಕಾಂಟ್ರಾಕ್ಟು ಮುಗಿದಿತ್ತು. ಅವಳು ಬೇರೇನೂ ಮಾಡುವಂತಿರಲಿಲ್ಲ. ಅವಳ ಜಾಗದಲ್ಲಿ ಇವತ್ತು ನಾನಿದ್ದರೂ ಅದನ್ನೇ ಮಾಡುತ್ತೇನೆ. ಆ ಕಟ್ಟಡದ ಮೆಟ್ಟಿಲುಗಳನ್ನು ಅಪ್ಪ ಯಾವಾಗಲೂ ಮನಸ್ಸಿನಲ್ಲೇ ಎಣಿಸಿ, ಯಾರಿಗೂ ತಿಳಿಯದಂತೆ ಇಳಿಯುತ್ತಿದ್ದರು. ಅವತ್ತು ಮೆಟ್ಟಿಲ ತಲೆಯಲ್ಲಿ ನಿಂತರು. ಹುಡುಗರು ಹುಡುಗಿಯರು ಹತ್ತಿ ಇಳಿಯುತ್ತಿದ್ದ ಹೊತ್ತು. ಎಲ್ಲರೆದುರಿಗೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೀನು ಮುಂದೆ ನಡಿ ವಿನ್ನಿ. ಮೆಟ್ಟಿಲು ಬಂದ್ರೆ ಹೇಳು. ಗಟ್ಟಿ ಹೇಳು, ಅಡ್ಡಿಯಿಲ್ಲ."

ಗಟ್ಟಿಯಾಗಿ ಹೇಳಿದೆ. ಪ್ರತಿ ಮೆಟ್ಟಿಲಿಗೂ ಹೇಳಿದೆ.

ನಾವು ಊರಿಗೆ ಹೋಗಬೇಕಾಗಿ ಬರಲಿಲ್ಲ, ಆದರೆ ಅದು ತೀರ್ಮಾನವಾಗುವವರೆಗೆ ವಾರಗಟ್ಟಲೆ ಕಾದೆವು. ಗೇಟು ಸದ್ದಾದರೆ ಕಾಗದ ಬಂತೇ ಎಂದು ಮೂವರೂ ಬಾಗಿಲತ್ತ ತಿರುಗುತ್ತಿದ್ದೆವು. ಬೀಗ ಹಾಕಿದ ಸೂಟ್‌ಕೇಸುಗಳು ಬಾಗಿಲ ಹತ್ತಿರ ನಿಂತಿದ್ದವು. ಕೊನೆಗೆ ನಮ್ಮನ್ನು ಉಳಿಸಿದ್ದು ಅಮ್ಮನ ನರ್ಸಿಂಗ್ ಸರ್ಟಿಫಿಕೇಟು. ಮೆಲ್ಬರ್ನಿನ ಒಂದು ಮುದುಕರ ಆಶ್ರಮ ಅವಳನ್ನು ಸ್ಪಾನ್ಸರ್ ಮಾಡಿತು. ಗ್ಲೆನ್ ವೇವರ್ಲಿಯಲ್ಲಿ, ರೈಲಿನ ಕೊನೆಯ ಸ್ಟೇಷನ್ನಿನ ಹತ್ತಿರ, ಎರಡು ಕೋಣೆಯ ಮನೆ ರೆಂಟಿಗೆ ಹಿಡಿದೆವು. ಇನ್ನು ನಮ್ಮನ್ನು ಮುಂದಕ್ಕೆ ಓಡಿಸಲು ಹಳಿಯೇ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಪಿಆರ್ ಮೆಡಿಕಲ್‌ನಲ್ಲಿ ಅಪ್ಪನ ಕಣ್ಣಿನ ವಿಷಯವನ್ನು ಅವಳೇ ಮೊದಲ ಸಾಲಿನಲ್ಲಿ ಬರೆಸಿದಳು. ಕಾಗದಗಳು ಹೋದವು, ಬಂದವು, ವರ್ಷಗಳೇ ಹಿಡಿದವು, ಆದರೆ ಆಯಿತು. ಮಂಜು ಅಂಕಲ್ ಫೋನಿನಲ್ಲಿ "ನಾನ್ ಹೇಳಿರ್ಲಿಲ್ವಾ ಸಾರ್, ಏನೂ ಆಗಲ್ಲ ಅಂತ!" ಎಂದರು, ಪುಣ್ಯಾತ್ಮರು. ಸಾಮಿಯ ಕಾಲು ಕೂಡಿತು, ಅವನ ಓಟ ಕೂಡಲಿಲ್ಲ. ಆ ಋಣ ನನ್ನ ತಲೆಯ ಮೇಲೆ ಈಗಲೂ ಇದೆ. ಅಪ್ಪ ಏನೇ ಹೇಳಲಿ, ಅದು ಇಳಿಯುವುದಿಲ್ಲ.

ಆಟ ಬಿಟ್ಟುಬಿಡಬೇಕಿತ್ತು ನಾನು. ಬಿಡಲಿಲ್ಲ. ಎರಡು ಸೀಸನ್ ಚೆಂಡನ್ನು ಬಿಟ್ಟು ಬೇರೇನನ್ನೂ ನೋಡದೆ ಬೆಳೆದ ಹುಡುಗಿಗೆ ಬೇರೆ ಏನು ಬರುತ್ತದೆ? ಆಡಿದೆ, ಕಲಿಸಿದೆ, ಈಗ ಮೆಲ್ಬರ್ನಿನ ಒಂದು ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಹತ್ತನೆಯ ವರ್ಷದ ಹೆಡ್ ಕೋಚ್. ಮೂರನೆಯ ಬೇಸಿನ ಪಕ್ಕ ನಾನೇ ನಿಲ್ಲುತ್ತಿದ್ದೆ. ನನ್ನ ಹುಡುಗರು ನನ್ನ ಕೈ ನೋಡಿ ಓಡುವಾಗ ಪ್ರತಿ ಸಲವೂ ಆ ಸೌದೆ ಮುರಿದ ಸದ್ದು ಕಿವಿಯಲ್ಲಿರುತ್ತಿತ್ತು. ಅಪ್ಪನ ಕಾಯಿಲೆ ಮಕ್ಕಳಿಗೂ ಬರಬಹುದೆಂದು ಡಾಕ್ಟರು ಹೇಳಿದ ಮೇಲೆ, ಪ್ರತಿ ಸೀಸನ್ನಿಗೆ ಮುಂಚೆ ಹೋಗಿ ಗಲ್ಲವನ್ನು ಕಣ್ಣು ಪರೀಕ್ಷಿಸುವ ಯಂತ್ರದ ಮೇಲಿಟ್ಟು ಕೂರುತ್ತೇನೆ. ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ಒತ್ತುತ್ತೇನೆ. ಕಾಣದ ಚುಕ್ಕೆಗಳು ಎಷ್ಟಿದ್ದವೋ ಎಂಬ ಹೆದರಿಕೆ ಇದ್ದೇ ಇರುತ್ತದೆ. ಒಂಬತ್ತು ಸಲ ಡಾಕ್ಟರು ನಕ್ಕು ಕಳಿಸಿದರು. ಈ ಸಲ ನಗಲಿಲ್ಲ. ಎಡಗಣ್ಣಿನ ಅಂಚಿನಲ್ಲಿ ಶುರುವಾಗಿದೆ ಎಂದರು.

ಕಾರಿನಲ್ಲಿ ಬಹಳ ಹೊತ್ತು ಕೂತಿದ್ದೆ. ಯಾರಿಗೂ ತಿಳಿಯದೆ ಇನ್ನೂ ನಾಲ್ಕೈದು ವರ್ಷ ತಳ್ಳಬಹುದು ಎಂದು ನನ್ನೊಳಗಿನ ಹನ್ನೊಂದು ವರ್ಷದವಳು ಲೆಕ್ಕ ಹಾಕಿದಳು. ಅವಳಿಗೆ ಗುಟ್ಟು ಕಾಯುವುದು ಚೆನ್ನಾಗಿ ಬರುತ್ತದೆ. ಆಮೇಲೆ ಕಾಲೇಜಿಗೆ ಹೋಗಿ, ನಮ್ಮ ಡೀನ್ ಬಾಗಿಲು ತಟ್ಟಿ, ಹೇಳಿದೆ. ಮೂರನೆಯ ಬೇಸಿಗೆ ನನ್ನ ಅಸಿಸ್ಟೆಂಟನ್ನು ನಿಲ್ಲಿಸುವುದೆಂದು ಆಯಿತು. ನಾನು ಬೆಂಚಿನಿಂದ ತಂಡ ನಡೆಸುತ್ತೇನೆ, ಈ ವರ್ಷ. ಮುಂದಿನದ್ದು ಗೊತ್ತಿಲ್ಲ.

ಮನೆಗೆ ಬಂದಾಗ ಅಪ್ಪ ಊಟದ ಮೇಜಿನ ಹತ್ತಿರ ಕೂತಿದ್ದರು. ಅವರಿಗೀಗ ಬೆಳಕು ಕತ್ತಲು ಒಂದೇ. ನನ್ನ ಹೆಜ್ಜೆಯ ಸದ್ದಿನಲ್ಲೇ ಎಲ್ಲ ತಿಳಿದುಕೊಂಡರೇನೋ, ತಿನ್ನುವುದನ್ನು ನಿಲ್ಲಿಸಿದರು.

"ಬಂತಾ?"

"ಬಂತು."

"ಕಾಲೇಜಿನಲ್ಲಿ ಹೇಳಿದ್ಯಾ?"

"ಹೇಳಿದೆ. ಈಗ ಅಲ್ಲಿಂದಲೇ ಬಂದೆ."

"ಹೆದರಿಕೆ ಆಯ್ತಾ?"

"ತುಂಬ ಆಯ್ತು ಅಪ್ಪ. ಈಗಲೂ ಆಗ್ತಾ ಉಂಟು."

ಅಪ್ಪ ಮೇಜಿನ ಮೇಲೆ ಕೈಯಾಡಿಸಿ ನನ್ನ ಕೈ ಹುಡುಕಿ ಹಿಡಿದುಕೊಂಡರು. ಒಳಗೆ ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ತುಸು ಹೊತ್ತಿನ ಮೇಲೆ ನನ್ನ ತಟ್ಟೆ ತಂದಿಟ್ಟಳು. ಬಂಗುಡೆ. ನೋಡಿದೆ: ಮುಳ್ಳೆಲ್ಲ ಬಿಡಿಸಿ, ತುಂಡುಗಳನ್ನು ಮತ್ತೆ ಮೀನಿನ ಆಕಾರಕ್ಕೆ ಜೋಡಿಸಿದ್ದಳು. ನಾನು ತಟ್ಟೆಯನ್ನು ಅವಳ ಕಡೆಗೆ ಹಿಂದಕ್ಕೆ ತಳ್ಳಿದೆ.

"ನಂಗೆ ಇಡೀ ಮೀನು ಹಾಕಮ್ಮ," ಎಂದೆ. "ಇನ್ನೂ ಕಾಣ್ತದೆ."